‘ಪುಲಿ ಬಂತು’ ಅಂತ ಮೆಸೇಜ್ ಬಂದರೆ: ಚಿರತೆ ಎದುರಾದಾಗ ಮಾಡಬೇಕಾದ್ದು, ಮಾಡಬಾರದ್ದು

ಕಾಸರಗೋಡು ಜಿಲ್ಲೆಯ ಮುಳಿಯಾರು, ಕಾರಡ್ಕ, ದೇಲಂಪಾಡಿ, ಬೇಡಡ್ಕ, ಕುತ್ತಿಕ್ಕೋಲ್ ಕಡೆ ಈಗ ಸಂಜೆಯಾದರೆ ಒಂದೇ ಮಾತು, ಪುಲಿ. ಮನೆಯ ನಾಯಿ ಕಾಣೆಯಾದರೆ ಪುಲಿ, ತೋಟದಲ್ಲಿ ಹೆಜ್ಜೆ ಕಂಡರೆ ಪುಲಿ, ರಾತ್ರಿ ರಸ್ತೆ ದಾಟಿದ ಬೆಕ್ಕಿನ ಕಣ್ಣು ಹೊಳೆದರೂ ಪುಲಿ. ಹತ್ತು ನಿಮಿಷದಲ್ಲಿ ಊರಿನ ಎಲ್ಲಾ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೂ ವಾಯ್ಸ್ ಮೆಸೇಜ್ ತಲುಪಿರುತ್ತದೆ. ಅದರಲ್ಲಿ ಅರ್ಧ ಗಾಳಿಸುದ್ದಿ, ಇನ್ನರ್ಧ ನಿಜ. 2025ರ ಫೆಬ್ರವರಿಯಲ್ಲಿ ಬೇಡಡ್ಕದ ಕೊಳತ್ತೂರಿನಲ್ಲಿ ಸುರಂಗದೊಳಗೆ ಒಂದು ಚಿರತೆ ಸಿಕ್ಕಿಹಾಕಿಕೊಂಡಿತ್ತು. ಅರಿವಳಿಕೆ ಕೊಟ್ಟು ಹಿಡಿಯಲು ಹೋದಾಗ ತಪ್ಪಿಸಿಕೊಂಡಿತು. ಅದೇ ತಿಂಗಳಲ್ಲಿ ಅದೇ ಕೊಳತ್ತೂರಿನಲ್ಲಿ ಅರಣ್ಯ ಇಲಾಖೆ ಇಟ್ಟ ಬೋನಿಗೆ ಒಂದು ಚಿರತೆ ಬಿತ್ತು.

ಹಾಗಾದರೆ ಹೆದರಿ ಮನೆಯೊಳಗೆ ಕೂರಬೇಕೇ? ಅದು ಆಗುವ ಮಾತಲ್ಲ. ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ತಲೆಗೆ ಲೈಟ್ ಕಟ್ಟಿ ಗುಡ್ಡೆ ಹತ್ತಬೇಕು. ಸುಬಹಿ ನಮಾಝಿಗೆ ಹಿರಿಯರು ಕತ್ತಲಲ್ಲೇ ಹೊರಡಬೇಕು. ಮದ್ರಸದ ಮಕ್ಕಳು ಬೆಳ್ಳಂಬೆಳಗ್ಗೆ ತೋಟದ ದಾರಿಯಲ್ಲಿ ನಡೆಯಬೇಕು. ಅಂಗಡಿ ಮುಚ್ಚಿ ಬರುವವರು ರಾತ್ರಿ ಬೈಕಿನಲ್ಲಿ ಕಾಡಿನ ಅಂಚಿನ ರಸ್ತೆ ಹಿಡಿಯಲೇಬೇಕು. ರಂಝಾನಿನಲ್ಲಂತೂ ತರಾವೀಹ್ ಮುಗಿಸಿ ಮನೆ ಸೇರುವಾಗ ತಡರಾತ್ರಿ. ಚಿರತೆ ಹೆಚ್ಚಾಗಿ ಓಡಾಡುವುದೂ ಇದೇ ಹೊತ್ತಿನಲ್ಲಿ. ಆದ್ದರಿಂದ ಇಲ್ಲಿ ಬೇಕಾದ್ದು ಕೆಲವು ಸರಳ ಅಭ್ಯಾಸಗಳು. ಅವು ಚಿಕ್ಕ ಮಕ್ಕಳಿಂದ ಹಿಡಿದು ಹಿರಿಯರವರೆಗೆ ಎಲ್ಲರಿಗೂ ಬಾಯಿಪಾಠ ಆಗಿರಬೇಕು.

ಬಂದದ್ದು ಯಾವುದು?

ಗಡಿನಾಡಿನಲ್ಲಿ ಮೊದಲ ಗೊಂದಲ ಭಾಷೆಯದ್ದು. ಮಲಯಾಳದಲ್ಲಿ ‘ಪುಲಿ’ ಅಂದರೆ ಚಿರತೆ. ಪಟ್ಟೆ ಇರುವ ಹುಲಿಗೆ ಅಲ್ಲಿ ‘ಕಡುವ’ ಅಂತ ಹೆಸರು. ಕನ್ನಡದ ‘ಹುಲಿ’, ತುಳುವಿನ ‘ಪಿಲಿ’ ಅಂದರೆ ಪಟ್ಟೆಯ ಹುಲಿಯೇ. ಹೀಗಾಗಿ ಮಲಯಾಳದ ಒಂದು ಮೆಸೇಜ್ ಕನ್ನಡದ ಗ್ರೂಪಿಗೆ ಬರುವಾಗ ಚಿರತೆ ಇದ್ದದ್ದು ಹುಲಿಯಾಗಿ ಬಿಡುತ್ತದೆ. ಸುದ್ದಿ ದೊಡ್ಡದಾಗುತ್ತದೆ, ಭಯವೂ ದೊಡ್ಡದಾಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಹುಲಿಗೆ ಉದ್ದ ಪಟ್ಟೆ. ಚಿರತೆಯ ಮೈಮೇಲೆ ಹೂವಿನಂತೆ ಜೋಡಿಸಿದ ಕಪ್ಪು ಮಚ್ಚೆ. ‘ಕರಿ ಚಿರತೆ’ ಬೇರೆ ಪ್ರಾಣಿಯಲ್ಲ, ಬಣ್ಣ ಮಾತ್ರ ಕಪ್ಪಾದ ಅದೇ ಚಿರತೆ. ಬೆಳೆದ ಗಂಡು ಚಿರತೆಯ ತೂಕ ಸಾಮಾನ್ಯವಾಗಿ 50ರಿಂದ 70 ಕೆ.ಜಿ.; ಗಂಡು ಹುಲಿ 200 ಕೆ.ಜಿ. ದಾಟುವುದೂ ಉಂಟು. ಇವೆರಡೂ ಅಲ್ಲದೆ ನಮ್ಮ ತೋಟಗಳಲ್ಲಿ ಕಾಡುಬೆಕ್ಕು ಇದೆ, ಮೈಮೇಲೆ ಮಚ್ಚೆ ಇರುವ ಚಿರತೆ ಬೆಕ್ಕೂ ಇದೆ. ಚಿರತೆ ಬೆಕ್ಕು ಮನೆಯ ಬೆಕ್ಕಿನ ಗಾತ್ರದ್ದು. ಮೊಬೈಲಿನ ಮಸುಕು ವಿಡಿಯೋದಲ್ಲಿ ‘ಚಿರತೆ ಮರಿ’ ಅಂತ ಓಡಾಡುವುದು ಎಷ್ಟೋ ಸಲ ಇದೇ. ಪುನುಗು ಬೆಕ್ಕು ಕೂಡ ಹೀಗೆ ಹೆಸರು ಕೆಡಿಸಿಕೊಂಡಿದೆ. ಇವು ಕೋಳಿಗೂಡಿಗೆ ಕೈ ಹಾಕಬಹುದು, ಮನುಷ್ಯರನ್ನು ಬೇಟೆಯಾಡುವುದಿಲ್ಲ.

ಹೆಜ್ಜೆ ಗುರುತಿನಲ್ಲೂ ಒಂದು ಸುಲಭ ಲಕ್ಷಣ ಇದೆ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರಿನ ಚುಕ್ಕೆ ಕಾಣುತ್ತದೆ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುವುದರಿಂದ ಸಾಮಾನ್ಯವಾಗಿ ಆ ಚುಕ್ಕೆ ಇರುವುದಿಲ್ಲ. ಹೆಜ್ಜೆ ಕಂಡರೆ ಅದರ ಪಕ್ಕ ಒಂದು ಬೆಂಕಿಪೆಟ್ಟಿಗೆಯೋ ಪೆನ್ನೋ ಇಟ್ಟು ಫೋಟೋ ತೆಗೆದು ಅರಣ್ಯ ಇಲಾಖೆಗೆ ಕಳಿಸಿದರೆ ಅಳತೆ ಗೊತ್ತಾಗುತ್ತದೆ. ಗ್ರೂಪಿಗೆ ಹಾಕುವುದು ಆಮೇಲೆ.

ಊರಿಗೆ ಯಾಕೆ ಬರುತ್ತದೆ?

‘ಕಾಡು ನಾಶವಾಯಿತು, ಅದಕ್ಕೇ ಬಂತು’ ಎಂಬ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಹುಲಿಗೆ ದೊಡ್ಡ ಕಾಡು, ದೊಡ್ಡ ಬೇಟೆ ಬೇಕು. ಚಿರತೆಗೆ ಅಡಗಲು ಒಂದು ಪೊದೆ, ತಿನ್ನಲು ಒಂದು ನಾಯಿ ಸಿಕ್ಕಿದರೆ ಸಾಕು. ಮಹಾರಾಷ್ಟ್ರದ ಅಕೋಲೆಯಲ್ಲಿ ಕಾಡೇ ಇಲ್ಲದ ಕಬ್ಬಿನ ಬಯಲಿನಲ್ಲಿ ಚಿರತೆಗಳು ಮರಿ ಹಾಕಿ ಬದುಕುತ್ತಿವೆ. ಅಲ್ಲಿ ನಡೆದ ಅಧ್ಯಯನದ ಪ್ರಕಾರ ಅವುಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇ. 87ರಷ್ಟು ಸಾಕುಪ್ರಾಣಿಗಳೇ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಯದ್ದು, ಶೇ. 39. 2022ರ ಗಣತಿಯಲ್ಲಿ ದೇಶದಲ್ಲಿ ಅಂದಾಜು 13,874 ಚಿರತೆಗಳು, ಕರ್ನಾಟಕದಲ್ಲಿ 1,879.

ಈಗ ನಮ್ಮ ಊರಿನ ಲೆಕ್ಕ ನೋಡೋಣ. ಕೋಳಿ ಅಂಗಡಿಯ ವೇಸ್ಟ್ ಗೋಣಿಯಲ್ಲಿ ತುಂಬಿ ರಾತ್ರಿ ರಸ್ತೆ ಬದಿಗೆ ಎಸೆಯುತ್ತಾರೆ. ಮದುವೆ ಮನೆಯ ಉಳಿದ ಬಿರಿಯಾನಿ, ಮೂಳೆ ಗುಡ್ಡೆಯ ಮರೆಗೆ ಹೋಗುತ್ತದೆ. ಬಕ್ರೀದಿನ ದಿನ ಕರುಳು, ಚರ್ಮವನ್ನು ಸರಿಯಾಗಿ ಹೂಳದೆ ಬಿಡುವವರೂ ಇದ್ದಾರೆ. ಆ ವೇಸ್ಟಿಗೆ ಬೀದಿನಾಯಿಗಳು ಬರುತ್ತವೆ, ಹಂದಿಗಳು ಬರುತ್ತವೆ. ನಾಯಿಯ ಹಿಂದೆ ಚಿರತೆ ಬರುತ್ತದೆ. ಆ ನಾಯಿಗಳು ಮಲಗುವುದು ಅಂಗಡಿ ಜಗಲಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಮದ್ರಸದ ಗೇಟಿನ ಎದುರು. ಚಿರತೆಯನ್ನು ಯಾರೂ ಕರೆದದ್ದಲ್ಲ, ಆದರೆ ಊಟ ಬಡಿಸಿಟ್ಟದ್ದು ನಾವೇ.

ಎದುರಾದರೆ ಏನು ಮಾಡಬೇಕು?

ಚಿರತೆ ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ತಪ್ಪಿಸಿಕೊಂಡು ಹೋಗುವ ಪ್ರಾಣಿ. ನೂರು ಸಲ ನಾವು ಅದರ ಹತ್ತಿರದಿಂದ ಹಾದು ಹೋದರೂ ನಮಗೆ ಗೊತ್ತಾಗಿರುವುದಿಲ್ಲ. ಆದರೂ ಮುಖಾಮುಖಿ ಆದರೆ ಈ ಕೆಲವು ವಿಷಯ ನೆನಪಿರಲಿ.

ಓಡಬೇಡಿ. ಓಡುವುದು ಬೇಟೆಯ ಲಕ್ಷಣ. ಬೆಕ್ಕಿನ ಎದುರು ದಾರದ ಉಂಡೆ ಉರುಳಿದರೆ ಅದು ಹಾರುವುದಿಲ್ಲವೇ, ಅದೇ ಸ್ವಭಾವ ಇದಕ್ಕೂ. ಓಟದಲ್ಲಿ ಅದನ್ನು ಸೋಲಿಸಲು ಯಾರಿಂದಲೂ ಆಗುವುದಿಲ್ಲ, ಮರ ಹತ್ತಿದರೂ ಅದು ಹತ್ತುತ್ತದೆ.

ಬೆನ್ನು ಹಾಕಬೇಡಿ, ಬಗ್ಗಬೇಡಿ, ಕೂರಬೇಡಿ. ಬೆಕ್ಕಿನ ಜಾತಿಯವು ಹಿಂದಿನಿಂದ, ಕುತ್ತಿಗೆಗೆ ಬಾಯಿ ಹಾಕುವಂಥವು. ನೆಟ್ಟಗೆ ನಿಂತ ಮನುಷ್ಯ ಅದರ ಕಣ್ಣಿಗೆ ಎತ್ತರದ, ವಿಚಿತ್ರ ಪ್ರಾಣಿ. ಬಗ್ಗಿದವನು ನಾಲ್ಕು ಕಾಲಿನ ಬೇಟೆಯಂತೆ ಕಾಣುತ್ತಾನೆ. ಹುಲ್ಲು ಕೊಯ್ಯುವಾಗ, ಅಡಿಕೆ ಹೆಕ್ಕುವಾಗ, ಮೂತ್ರಕ್ಕೆ ಕೂತಾಗ ಅಪಾಯ ಹೆಚ್ಚಾಗುವುದು ಇದಕ್ಕೇ.

ದೊಡ್ಡದಾಗಿ ಕಾಣಿಸಿಕೊಳ್ಳಿ. ಕೈ ಎರಡೂ ಮೇಲೆತ್ತಿ. ಕೊಡೆ ಇದ್ದರೆ ಬಿಡಿಸಿ, ಬೈರಾಸು ಇದ್ದರೆ ಅಗಲ ಮಾಡಿ ಹಿಡಿಯಿರಿ. ಗಟ್ಟಿ ದನಿಯಲ್ಲಿ ಗದರಿಸಿ. ಕಿರುಚಿ ಓಡುವುದು ಬೇರೆ, ನಿಂತು ಗದರಿಸುವುದು ಬೇರೆ.

ದಾರಿ ಬಿಟ್ಟುಕೊಡಿ. ಅದರ ಕಡೆಗೆ ಮುಖ ಇಟ್ಟುಕೊಂಡೇ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಅದನ್ನು ಮೂಲೆಗೆ ಒತ್ತಬೇಡಿ, ಕಲ್ಲು ಹೊಡೆಯಬೇಡಿ. ಹೋಗಲು ದಾರಿ ಇಲ್ಲದ ಚಿರತೆ ಮಾತ್ರ ಮೈಮೇಲೆ ಬೀಳದೆ ಬೇರೆ ಉಪಾಯ ಇಲ್ಲದ ಚಿರತೆ.

ಬೈಕಿನಲ್ಲಿದ್ದರೆ ವಿಡಿಯೋ ಮಾಡಲು ನಿಲ್ಲಬೇಡಿ. ರಸ್ತೆ ದಾಟುತ್ತಿದ್ದರೆ ದೂರದಲ್ಲೇ ವೇಗ ಇಳಿಸಿ, ಲೈಟ್ ಉರಿಯುತ್ತಿರಲಿ, ಹಾರ್ನ್ ಹೊಡೆಯಿರಿ, ಅದು ದಾಟಿದ ಮೇಲೆ ಮುಂದೆ ಹೋಗಿ. ಕಾರಿನಲ್ಲಿದ್ದರೆ ಗ್ಲಾಸ್ ಏರಿಸಿ, ಇಳಿಯಬೇಡಿ.

ಮರಿ ಕಂಡರೆ ಮುಟ್ಟಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ ಅಥವಾ ರಾತ್ರಿ ಬಂದು ಕೊಂಡೊಯ್ಯುತ್ತದೆ. ಮರಿ ಎತ್ತಿಕೊಂಡು ಮನೆಗೆ ತಂದರೆ ತಾಯಿ ಊರನ್ನೇ ಸುತ್ತುತ್ತದೆ.

ಒಂದು ವೇಳೆ ಮೈಮೇಲೆ ಬಿದ್ದೇ ಬಿಟ್ಟರೆ ಸತ್ತಂತೆ ಮಲಗುವುದರಿಂದ ಪ್ರಯೋಜನ ಇಲ್ಲ. ಕುತ್ತಿಗೆ, ತಲೆ ಕಾಪಾಡಿಕೊಂಡು ಕೈಗೆ ಸಿಕ್ಕಿದ ಕತ್ತಿ, ಕೋಲು, ಕಲ್ಲು, ಹೆಲ್ಮೆಟ್ ಯಾವುದರಿಂದಲಾದರೂ ಮುಖಕ್ಕೆ ಹೊಡೆದು ಎದುರಿಸಬೇಕು. ಅಮೆರಿಕದ ಕಾಡುಗಳಲ್ಲಿ ‘ಮೌಂಟನ್ ಲಯನ್’ ಎಂದು ಕರೆಯುವ ಪೂಮಾ ಎದುರಾದರೂ ಅಲ್ಲಿನ ವನ್ಯಜೀವಿ ಇಲಾಖೆಗಳು ಹೇಳುವುದು ಇದನ್ನೇ: ಓಡಬೇಡಿ, ಬಗ್ಗಬೇಡಿ, ದೊಡ್ಡದಾಗಿ ಕಾಣಿಸಿಕೊಳ್ಳಿ, ಬಿದ್ದರೆ ಹೋರಾಡಿ.

ಗಾಯವಾದರೆ ಚಿಕ್ಕದೇ ಇರಲಿ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಅರಶಿನ, ಕಾಫಿ ಪುಡಿ ಹಚ್ಚುವುದು ಬೇಡ. ಕಾಡುಪ್ರಾಣಿ ಕಚ್ಚಿದರೆ, ಪರಚಿದರೆ ರೇಬಿಸ್ ಮತ್ತು ಟೆಟನಸ್ ಎರಡರ ಚುಚ್ಚುಮದ್ದೂ ಬೇಕು.

ಮಕ್ಕಳ ವಿಷಯದಲ್ಲಿ ಅಜಾಗ್ರತೆ ಬೇಡ

ಚಿರತೆಯ ಅಪಾಯ ಹೆಚ್ಚಿರುವುದು ದೊಡ್ಡವರಿಗಲ್ಲ, ಎತ್ತರ ಕಡಿಮೆ ಇರುವ ಮಕ್ಕಳಿಗೆ. 2024ರ ಜನವರಿಯಲ್ಲಿ ನೀಲಗಿರಿಯ ಪಂದಲೂರಿನಲ್ಲಿ ಚಹಾ ತೋಟದ ದಾರಿಯಲ್ಲಿ ತಾಯಿಯ ಜೊತೆ ಬರುತ್ತಿದ್ದ ಮೂರು ವರ್ಷದ ಹೆಣ್ಣು ಮಗುವನ್ನು ಚಿರತೆ ಕೊಂದಿತು. ಜನ ರಸ್ತೆಗಿಳಿದರು. ಮರುದಿನವೇ ಅರಿವಳಿಕೆ ಕೊಟ್ಟು ಆ ಚಿರತೆಯನ್ನು ಹಿಡಿದರು. ಆದರೆ ಹೋದ ಜೀವ ಹೋಯಿತು.

2023ರಲ್ಲಿ ತಿರುಪತಿಯ ಅಲಿಪಿರಿ ಕಾಲ್ದಾರಿಯಲ್ಲಿ ನಡೆದ ಎರಡು ಘಟನೆಗಳಲ್ಲಿ ಒಂದು ಪಾಠ ಇದೆ. ಜೂನಿನಲ್ಲಿ ಒಬ್ಬ ಪುಟ್ಟ ಹುಡುಗನನ್ನು ಚಿರತೆ ಕಚ್ಚಿಕೊಂಡು ಹೋದಾಗ ಸುತ್ತಲಿದ್ದವರು ಬೊಬ್ಬೆ ಹೊಡೆದು ಬೆನ್ನಟ್ಟಿದರು, ಅದು ಹುಡುಗನನ್ನು ಬಿಟ್ಟು ಹೋಯಿತು, ಆತ ಬದುಕಿದ. ಆಗಸ್ಟಿನಲ್ಲಿ ಅದೇ ದಾರಿಯಲ್ಲಿ ಮನೆಯವರಿಂದ ಸ್ವಲ್ಪ ಮುಂದೆ ಹೋಗಿದ್ದ ಆರು ವರ್ಷದ ಬಾಲಕಿ ಸಾವಿಗೀಡಾದಳು. ಆಮೇಲೆ ಅಲ್ಲಿ ಗುಂಪಾಗಿ ನಡೆಯುವುದು, ಕೈಗೆ ಕೋಲು ಕೊಡುವುದು, ಮಧ್ಯಾಹ್ನ 2 ಗಂಟೆಯ ನಂತರ 15 ವರ್ಷದೊಳಗಿನ ಮಕ್ಕಳನ್ನು ಬಿಡದಿರುವುದು ಮೊದಲಾದ ನಿಯಮ ಬಂತು.

ನಮ್ಮಲ್ಲಿ ಇದನ್ನು ನಿಯಮ ಬರುವ ಮೊದಲೇ ಮಾಡಬಹುದು. ಮದ್ರಸಕ್ಕೆ, ಶಾಲೆಗೆ ಹೋಗುವ ಮಕ್ಕಳು ಒಬ್ಬೊಬ್ಬರೇ ಹೋಗುವುದು ಬೇಡ. ಒಂದು ದಾರಿಯ ಮಕ್ಕಳೆಲ್ಲ ಒಟ್ಟಿಗೆ, ಮುಂದೆ ಒಬ್ಬರು ಹಿಂದೆ ಒಬ್ಬರು ದೊಡ್ಡವರು. ಚಿಕ್ಕ ಮಕ್ಕಳು ನಡುವಿನಲ್ಲಿ. ಮಾತಾಡಿಕೊಂಡು, ಸದ್ದು ಮಾಡಿಕೊಂಡೇ ಹೋಗಲಿ. ಚಿರತೆ ಕಂಡರೆ ಚಿಕ್ಕ ಮಗುವನ್ನು ತಕ್ಷಣ ಎತ್ತಿಕೊಳ್ಳಬೇಕು, ಆದರೆ ಕಣ್ಣು ಅದರ ಮೇಲೇ ಇಟ್ಟುಕೊಂಡು, ಆದಷ್ಟು ಕಡಿಮೆ ಬಗ್ಗಿ. ಸಂಜೆ ಮಗ್ರಿಬ್ ಬಾಂಗ್ ಆದ ಮೇಲೆ ಅಂಗಳದ ಅಂಚಿನಲ್ಲಿ ಮಕ್ಕಳ ಆಟ ಬೇಡ.

ವಯನಾಡಿನ ಮಾತು ಬೇರೆ

ವಯನಾಡಿನಲ್ಲಿ ಎದುರಾಗುವುದು ಚಿರತೆ ಮಾತ್ರವಲ್ಲ, ಹುಲಿಯೂ ಹೌದು. ಬಂಡೀಪುರ, ನಾಗರಹೊಳೆ, ಮುದುಮಲೆ ಕಾಡುಗಳಿಗೆ ವಯನಾಡಿನ ಕಾಡು ಅಂಟಿಕೊಂಡೇ ಇದೆ. ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ. 2023ರ ಡಿಸೆಂಬರ್ 9ರಂದು ವಾಗೇರಿಯಲ್ಲಿ ದನಕ್ಕೆ ಹುಲ್ಲು ತರಲು ಹೋದ ಯುವ ಕೃಷಿಕನನ್ನು ಹುಲಿ ಕೊಂದಿತು. 2025ರ ಜನವರಿ 24ರಂದು ಮಾನಂತವಾಡಿ ಸಮೀಪದ ಪಂಚಾರಕೊಲ್ಲಿಯಲ್ಲಿ ಕಾಫಿ ಕೊಯ್ಯಲು ಹೋದ ಮಹಿಳೆ ಬಲಿಯಾದರು. ಎರಡೂ ಕಡೆ ತೋಟದಲ್ಲಿ ಒಂಟಿ ಕೆಲಸ. ಅಲ್ಲಿ ಕೆಲಸಕ್ಕೆ, ವ್ಯಾಪಾರಕ್ಕೆ ಹೋಗುವ ನಮ್ಮ ಯುವಕರು ತೋಟದ ಒಳದಾರಿಯಲ್ಲಿ ಒಂಟಿಯಾಗಿ ನಡೆಯುವುದು, ಇಯರ್‌ಫೋನ್ ಹಾಕಿಕೊಂಡು ನಡೆಯುವುದು ಬೇಡ. ಕಿವಿ ತೆರೆದಿರಬೇಕು. ಲಂಗೂರ್, ನವಿಲು, ಜಿಂಕೆ ಒಮ್ಮೆಲೇ ಗಾಬರಿಯಿಂದ ಕೂಗಿದರೆ ಅಲ್ಲೇನೋ ಇದೆ ಅಂತ ಅರ್ಥ. ಮುಂದೆ ಹೋಗದೆ ಹಿಂದೆ ಬನ್ನಿ.

ಮನೆಯೊಳಗೆ, ಬಾವಿಯೊಳಗೆ ಬಿದ್ದರೆ

2021ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ಬಿಳಿನೆಲೆಯಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ನಾಯಿಯ ಜೊತೆಗೇ ಒಂದು ಮನೆಯ ಶೌಚಾಲಯದೊಳಗೆ ನುಗ್ಗಿತು. ಮನೆಯವರು ಹೊರಗಿನಿಂದ ಚಿಲಕ ಹಾಕಿದರು. ಗಂಟೆಗಟ್ಟಲೆ ಒಂದು ಮೂಲೆಯಲ್ಲಿ ನಾಯಿ, ಇನ್ನೊಂದು ಕಡೆ ಚಿರತೆ. ಆ ಫೋಟೋ ದೇಶವೆಲ್ಲ ಓಡಾಡಿತು. ಕೊನೆಗೆ ಚಿರತೆ ಮಾಡಿನ ಮೂಲಕ ಹಾರಿ ಹೋಯಿತು, ನಾಯಿ ಜೀವ ಸಮೇತ ಹೊರಬಂತು. ಸಿಕ್ಕಿಹಾಕಿಕೊಂಡ ಚಿರತೆಗೆ ಹಸಿವಿಗಿಂತ ಹೆದರಿಕೆಯೇ ದೊಡ್ಡದು. ಆ ಮನೆಯವರು ಮಾಡಿದ್ದು ಸರಿಯಾದ ಕೆಲಸ: ಬಾಗಿಲು ಮುಚ್ಚಿದರು, ದೂರ ನಿಂತರು, ಇಲಾಖೆಗೆ ಹೇಳಿದರು.

2023ರ ಫೆಬ್ರವರಿಯಲ್ಲಿ ಮೂಡುಬಿದಿರೆ ಸಮೀಪದ ನಿಡ್ಡೋಡಿಯಲ್ಲಿ ಬಾವಿಗೆ ಬಿದ್ದ ಚಿರತೆಯನ್ನು ತೆಗೆಯಲು ಪಶುವೈದ್ಯೆಯೊಬ್ಬರು ಬೋನಿನೊಳಗೆ ಕೂತು ಬಾವಿಗಿಳಿದು ಅರಿವಳಿಕೆ ಕೊಟ್ಟರು. ಇದು ತರಬೇತಿ ಇದ್ದವರ ಕೆಲಸ. ಊರಿನ ಹುಡುಗರು ಹಗ್ಗ, ಏಣಿ ಹಿಡಿದು ತಾವೇ ಇಳಿಯುವ ಸಾಹಸ ಬೇಡ. ಕಟ್ಟೆ ಇಲ್ಲದ ಬಾವಿಗೆ ಕಟ್ಟೆ ಕಟ್ಟಿಸಿ ಬಲೆ ಹಾಕಿಸುವುದು ಅದಕ್ಕಿಂತ ಉಪಕಾರದ ಕೆಲಸ. ಮಕ್ಕಳಿಗೂ ಅದರಿಂದ ರಕ್ಷಣೆ.

ಜನ ಸೇರುವುದೇ ದೊಡ್ಡ ಅಪಾಯ

ಚಿರತೆ ಸಿಕ್ಕಿತು ಅಂದರೆ ಇನ್ನೂರು ಜನ ಸೇರುತ್ತಾರೆ. ಒಬ್ಬ ಫೇಸ್‌ಬುಕ್ ಲೈವ್, ಇನ್ನೊಬ್ಬ ಕಲ್ಲು, ಮತ್ತೊಬ್ಬ ಕೋಲು. ಅರಿವಳಿಕೆ ಗುಂಡು ತಗಲಿದ ಕೂಡಲೇ ಪ್ರಾಣಿ ಬೀಳುವುದಿಲ್ಲ, ಮದ್ದು ಏರಲು ಹಲವು ನಿಮಿಷ ಬೇಕು. ಆ ಹೊತ್ತಿನಲ್ಲಿ ಸುತ್ತ ಬೊಬ್ಬೆ ಇದ್ದರೆ ಅದು ಸಿಕ್ಕಿದ ಕಡೆ ನುಗ್ಗುತ್ತದೆ, ಸಿಕ್ಕಿದವರನ್ನು ಪರಚುತ್ತದೆ. ಇಂಥ ರಕ್ಷಣಾ ಕಾರ್ಯಗಳಲ್ಲಿ ಗಾಯಗೊಂಡವರಲ್ಲಿ ಎಷ್ಟೋ ಮಂದಿ ನೋಡಲು ಬಂದವರೇ. ಇಲಾಖೆಯವರು ಬರುವ ತನಕ ಯುವಕರು ಮಾಡಬೇಕಾದ ಸೇವೆ ಒಂದೇ, ಜನರನ್ನು ದೂರ ನಿಲ್ಲಿಸುವುದು.

ಫಾರ್ವರ್ಡ್ ವಿಷಯದಲ್ಲೂ ಅಷ್ಟೇ. ಎಲ್ಲಿ, ಯಾವತ್ತು, ಯಾರು ನೋಡಿದ್ದು ಎಂದು ಇಲ್ಲದ ವಿಡಿಯೋ ಮುಂದೆ ಕಳಿಸಬೇಡಿ. ಸುಳ್ಳು ಸುದ್ದಿ ನಾಲ್ಕು ಸಲ ಬಂದರೆ ಐದನೇ ಸಲದ ನಿಜ ಸುದ್ದಿಯನ್ನು ಯಾರೂ ನಂಬುವುದಿಲ್ಲ.

ಹಿಡಿದು ದೂರ ಬಿಟ್ಟರೆ ಮುಗಿಯಿತೇ?

‘ಬೋನು ಇಡಿ, ಹಿಡಿದು ಬೇರೆ ಕಾಡಿಗೆ ಬಿಡಿ’ ಎಂಬುದು ಪ್ರತಿ ಊರಿನ ಬೇಡಿಕೆ. ಆಡು, ನಾಯಿ ಕಳಕೊಂಡವರ ಸಿಟ್ಟು ನ್ಯಾಯವಾದದ್ದೇ. ಮನುಷ್ಯರ ಮೇಲೆ ಮತ್ತೆ ಮತ್ತೆ ಬೀಳುವ ಪ್ರಾಣಿಯನ್ನು ಹಿಡಿಯಲೇಬೇಕು. ಆದರೆ ಸುಮ್ಮನೆ ಕಂಡ ಚಿರತೆಯನ್ನೆಲ್ಲ ಹಿಡಿದು ಸಾಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಜುನ್ನರ್ ಸಾಕ್ಷಿ. ಅಲ್ಲಿ 1993ರಿಂದ 2001ರವರೆಗೆ ವರ್ಷಕ್ಕೆ ಸರಾಸರಿ 4 ದಾಳಿಗಳಾಗುತ್ತಿದ್ದವು. ದೊಡ್ಡ ಪ್ರಮಾಣದಲ್ಲಿ ಹಿಡಿದು ಬೇರೆಡೆ ಬಿಡಲು ಶುರುಮಾಡಿದ ಮೇಲೆ, 2001ರಿಂದ 2003ರ ನಡುವೆ, ಅದು ವರ್ಷಕ್ಕೆ 17ಕ್ಕೆ ಏರಿತು. ಗುರುತಿಲ್ಲದ ಜಾಗಕ್ಕೆ ಬಿದ್ದ ಚಿರತೆ ಗಾಬರಿಯಲ್ಲಿ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಕೇಂದ್ರ ಸರಕಾರ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕಂಡದ್ದಕ್ಕೆಲ್ಲ ಬೋನು ಇಡುವುದನ್ನು ಒಪ್ಪುವುದಿಲ್ಲ.

ಕೊಲ್ಲುವುದಂತೂ ಅಪರಾಧ. ಚಿರತೆ, ಹುಲಿ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬಿದ್ದರೂ ಕೇಸು ಕೇಸೇ. ಉರುಳಿಗೆ ಸಿಕ್ಕಿ ಗಾಯಗೊಂಡ ಚಿರತೆ ಬಿಡಿಸಿಕೊಂಡರೆ, ಮತ್ತೆ ಸಾಮಾನ್ಯ ಬೇಟೆ ಹಿಡಿಯಲಾಗದೆ ಮನೆಯ ಹಿತ್ತಿಲಿಗೇ ಬರುತ್ತದೆ. ಬೆಳೆ ಹಾಳು ಮಾಡುವ ಹಂದಿಗೆ ಕೇರಳದಲ್ಲಿ ಪಂಚಾಯತ್ ಅಧ್ಯಕ್ಷರ ಮೂಲಕ ಅನುಮತಿ ಪಡೆಯುವ ದಾರಿ 2022ರಿಂದ ಇದೆ.

ಆಡು, ದನ ಸತ್ತರೆ ಹೂಳುವ ಮೊದಲು ಫೋಟೋ ತೆಗೆದು ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ. ಕಾಗದ ಇಲ್ಲದೆ ಪರಿಹಾರ ಇಲ್ಲ. ಅರ್ಜಿಯನ್ನು ಅಕ್ಷಯ ಕೇಂದ್ರದಲ್ಲಿ ಹಾಕಬಹುದು. ಜೀವಹಾನಿಯಾದರೆ ಕೇರಳದಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಇದೆ.

ಊರಿನಲ್ಲಿ ಈ ವಾರವೇ ಮಾಡಬಹುದಾದದ್ದು

ಆಡಿನ ಗೂಡಿಗೆ ನಾಲ್ಕು ಬದಿಗೂ, ಮೇಲಕ್ಕೂ ಗಟ್ಟಿ ವೆಲ್ಡ್ ಮೆಶ್ ಹಾಕಿಸಿ. ಒಂದು ಆಡು ಹೋದರೆ ಆ ದುಡ್ಡು ಅವತ್ತೇ ಹೋಯಿತು. ಮೆಶ್ ಒಮ್ಮೆ ಹಾಕಿದರೆ ವರ್ಷಗಟ್ಟಲೆ ಬರುತ್ತದೆ. ನಾಯಿಯನ್ನು ರಾತ್ರಿ ಅಂಗಳದಲ್ಲಿ ಸಂಕೋಲೆ ಹಾಕಿ ಬಿಡಬೇಡಿ, ಅದು ಕಾವಲಲ್ಲ, ಆಹ್ವಾನ. ಮನೆ ಸುತ್ತಲಿನ, ದಾರಿ ಬದಿಯ ಪೊದೆ ಕಡಿಯಿರಿ. ಹಿತ್ತಿಲಿನ ಶೌಚಾಲಯದ ದಾರಿಗೆ ಒಂದು ಬಲ್ಬ್ ಹಾಕಿ. ಟ್ಯಾಪಿಂಗಿಗೆ ಇಬ್ಬರು ಜೊತೆಯಾಗಿ ಹೋಗಿ, ಮೊಬೈಲಿನಲ್ಲಿ ಸಣ್ಣಗೆ ರೇಡಿಯೋನೋ ಹಾಡೋ ಇರಲಿ, ಕೆಲಸದ ನಡುವೆ ಆಗಾಗ ತಲೆ ಎತ್ತಿ ಸುತ್ತ ಟಾರ್ಚ್ ಹಾಯಿಸಿ.

ಜಮಾಅತ್ ಕಮಿಟಿಗಳು, ಯುವಕ ಸಂಘಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಮಸೀದಿ, ಮದ್ರಸದ ದಾರಿಯ ಕೆಟ್ಟ ಬೀದಿದೀಪಗಳ ಪಟ್ಟಿ ಮಾಡಿ ಪಂಚಾಯತಿಗೆ ಕೊಡುವುದು. ಕತ್ತಲು ಬೇಗ ಕವಿಯುವ ತಿಂಗಳುಗಳಲ್ಲಿ ಮದ್ರಸದ ಹೊತ್ತನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡುವುದು. ಕೋಳಿ, ಮಾಂಸದ ಅಂಗಡಿಯವರನ್ನು ಕೂರಿಸಿ ವೇಸ್ಟ್ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು. ಬಕ್ರೀದಿಗೆ ಮೊದಲೇ ಆಳವಾದ ಗುಂಡಿ ತೋಡಿಸಿ ಇಡುವುದು. ಇದಕ್ಕೆ ದೊಡ್ಡ ಫಂಡ್ ಬೇಕಾಗಿಲ್ಲ.

ಚಿರತೆ ಕಂಡರೆ ಕೇರಳದಲ್ಲಿ ಅರಣ್ಯ ಇಲಾಖೆಯ ಟೋಲ್ ಫ್ರೀ ನಂಬರ್ 1800 425 4733, ಕರ್ನಾಟಕದಲ್ಲಿ 1926. ತುರ್ತು ಇದ್ದರೆ ಎರಡೂ ಕಡೆ 112. ಹತ್ತಿರದ ರೇಂಜ್ ಆಫೀಸಿನ ನಂಬರನ್ನೂ ಕೇಳಿ ಪಡೆದು, ಇವೆಲ್ಲವನ್ನೂ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಮದ್ರಸದ ನೋಟಿಸ್ ಬೋರ್ಡಿಗೆ, ಊರಿನ ಹೋಟೆಲಿನ ಗೋಡೆಗೆ ಅಂಟಿಸಿ. ರಾತ್ರಿ ಹನ್ನೊಂದಕ್ಕೆ ಗೂಡಿನಲ್ಲಿ ಆಡು ಕೂಗಿದಾಗ ನಂಬರ್ ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತು ಇರುವುದಿಲ್ಲ.